ಯಲ್ಲಯ್ಯ ಸಾಕಿದ ಹಳದಿ ಚುಕ್ಕೆ

ಮೊಸರನ್ನವನ್ನು ನೂರಿಪ್ಪತ್ತೊಂದು ಡಿಗ್ರಿ ಉಗಿಯಲ್ಲಿ ಹದಿನೈದು ನಿಮಿಷ ಬೇಯಿಸಿದರೆ ಏನಾಗುತ್ತದೆ ಎಂದು ತುಮಕೂರು ಜಿಲ್ಲೆಯಲ್ಲಿ ಬಹುಶಃ ನನಗೊಬ್ಬನಿಗೇ ಗೊತ್ತು. ನೀರು ಒಂದು ಕಡೆ, ಗಟ್ಟಿ ಒಂದು ಕಡೆಯಾಗಿ, ಬಣ್ಣ ಬೀಡಿ ಎಲೆಯದಾಗಿ, ಒಗ್ಗರಣೆಯ ಸಾಸಿವೆ ಮಾತ್ರ ತನಗೇನೂ ಆಗಿಲ್ಲವೆಂಬಂತೆ ಕಣ್ಣು ಬಿಟ್ಟುಕೊಂಡಿರುತ್ತದೆ.

ಏಳು ವರ್ಷದ ಹಿಂದಿನ ಏಪ್ರಿಲ್ ತಿಂಗಳು. ನಾನು ಇಲ್ಲಿನ ಒಂದು ಕಾಲೇಜಿನಲ್ಲಿ ಕನ್ನಡ ಮೇಷ್ಟ್ರು. ನಮ್ಮ ಸ್ಟಾಫ್ ರೂಮಿನಲ್ಲಿ ಫ್ಯಾನೇ ದಿನ ಬಿಟ್ಟು ದಿನ ತಿರುಗುತ್ತಿತ್ತು, ಇನ್ನು ಫ್ರಿಜ್ ಎಲ್ಲಿಂದ ಬರಬೇಕು? ಮೇಲಿನ ಮಹಡಿಯ ಸೂಕ್ಷ್ಮಜೀವಿ ಲ್ಯಾಬಿನಲ್ಲಿ ದೊಡ್ಡದೊಂದು ಇತ್ತು. ಬೆಳಿಗ್ಗೆ ಯಾರಿಗೂ ಹೇಳದೆ ನನ್ನ ಸ್ಟೀಲ್ ಡಬ್ಬಿಯನ್ನು ಅದರೊಳಗೆ ಗಾಜಿನ ಬುರುಡೆಗಳ ಹಿಂದೆ ಇಟ್ಟು ಬಂದೆ. ಒಂದು ಗಂಟೆಗೆ ಹೋದರೆ ಲ್ಯಾಬಿನಲ್ಲಿ ಪ್ರಾಕ್ಟಿಕಲ್ ಪರೀಕ್ಷೆ. ಹೊರಗಿನಿಂದ ಬಂದ ಪರೀಕ್ಷಕರು, ಬಿಳಿ ಕೋಟಿನ ಇಪ್ಪತ್ತು ಮಕ್ಕಳು. ನಾನು ಯಾರ ಮುಖವನ್ನೂ ನೋಡದೆ ನೇರ ಫ್ರಿಜ್ಜಿನ ಮುಂದೆ ಮಂಡಿಯೂರಿ, ತಲೆಯನ್ನು ಒಳಗೆ ತೂರಿಸಿ ಹುಡುಕತೊಡಗಿದೆ. ಡಬ್ಬಿ ಇರಲಿಲ್ಲ. ತಲೆ ಹೊರಗೆ ತೆಗೆದಾಗ ಬೆನ್ನ ಹಿಂದೆ ಒಬ್ಬರು ಇಕ್ಕಳದಲ್ಲಿ ನನ್ನ ಡಬ್ಬಿ ಹಿಡಿದು ನಿಂತಿದ್ದರು. ಅದರಿಂದ ಉಗಿ ಏಳುತ್ತಿತ್ತು.

"ಇದಾ ಸಾ?"

"ಹೌದು," ಅಂದೆ.

"ಲೇಬಲ್ ಇರ್ಲಿಲ್ಲ. ಲೇಬಲ್ ಇಲ್ದೇ ಇರೋದ್ನ ಕುಕ್ಕರ್‌ಗೆ ಹಾಕೋದು ಇಲ್ಲಿ ರೂಲ್ಸು." ಆಮೇಲೆ ಸಮಾಧಾನಕ್ಕೆಂಬಂತೆ, "ಕ್ರಿಮಿ ಪೂರ್ತಿ ಸತ್ತವೆ. ಧೈರ್ಯವಾಗಿ ಉಣ್ಬೋದು," ಎಂದರು.

ಪರೀಕ್ಷಕರು ನಕ್ಕರು. ಅವರು ನಕ್ಕ ಮೇಲೆ ಮಕ್ಕಳೂ ನಕ್ಕವು. ಇಕ್ಕಳ ಹಿಡಿದವರ ಮುಖದಲ್ಲಿ ಮಾತ್ರ ನಗು ಇರಲಿಲ್ಲ. ಲ್ಯಾಬ್ ಅಟೆಂಡರ್ ಯಲ್ಲಯ್ಯನವರು ನನಗೆ ಪರಿಚಯವಾದದ್ದು ಹೀಗೆ. ಕುಕ್ಕರ್ ಎಂದರೆ ಅವರ ಭಾಷೆಯಲ್ಲಿ ಲ್ಯಾಬಿನ ಸಾಮಾನುಗಳನ್ನು ಉಗಿಯಲ್ಲಿ ಶುದ್ಧ ಮಾಡುವ ದೊಡ್ಡ ಹಂಡೆ.

ಯಲ್ಲಯ್ಯ ಸಿ.ಎಸ್. ಪುರದ ಕಡೆಯ ಒಂದು ಹಳ್ಳಿಯವರು. ತಂದೆ ನೀರುಗಂಟಿ. ಕೆರೆಯ ತೂಬು ಯಾವಾಗ ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುವ ಕೆಲಸ. ಮಗ ಎಸ್ಸೆಸ್ಸೆಲ್ಸಿಯನ್ನು ಎರಡು ಸಲ ಬರೆದು, ಎರಡು ಸಲವೂ ವಿಜ್ಞಾನವೊಂದರಲ್ಲೇ ಫೇಲಾಗಿ, ಸತ್ಯಮಂಗಲದ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ಹನ್ನೊಂದು ವರ್ಷ ರಟ್ಟಿನ ಪೆಟ್ಟಿಗೆ ಮಡಚಿದರು. ಅದು ಮುಚ್ಚಿದ ಮೇಲೆ ಕಾಲೇಜಿಗೆ ಬಂದರು. "ಯಾವ ಸಬ್ಜೆಕ್ಟಲ್ಲಿ ಫೇಲಾದ್ನೋ ಅದೇ ಸಬ್ಜೆಕ್ಟು ಅನ್ನ ಹಾಕ್ತಾ ಐತೆ ನೋಡಿ ಸಾ," ಎಂದು ಒಮ್ಮೆ ಹೇಳಿದ್ದರು. ಕನ್ನಡದಲ್ಲಿ ಪಾಸಾಗಿಯೂ ನಾನು ಅದೇ ಸಂಬಳಕ್ಕೆ ಒದ್ದಾಡುತ್ತಿದ್ದೆ. ಮನೆ ಮರಳೂರಿನಲ್ಲಿ, ನಮ್ಮ ಹಿಂದಿನ ಬೀದಿ. ಡಬ್ಬಿಯ ಪ್ರಕರಣದ ನಂತರ ನಾವಿಬ್ಬರೂ ನನ್ನ ಸ್ಕೂಟರಿನಲ್ಲಿ ಒಟ್ಟಿಗೆ ಬರುವುದು ಹೋಗುವುದು ಶುರುವಾಯಿತು.

ಆ ಲ್ಯಾಬಿಗೆ ಸುಶ್ಮಿತಾ ಬಂದದ್ದು ಕೊರೋನಾ ಮುಗಿಯುತ್ತಿದ್ದ ವರ್ಷ. ಅತಿಥಿ ಉಪನ್ಯಾಸಕಿ, ಇಪ್ಪತ್ತೇಳು ವಯಸ್ಸು. ದಿನಾ ಕುಣಿಗಲ್ಲಿನಿಂದ ಬಸ್ಸು. ತಂದೆ ಇಲ್ಲ. ತಾಯಿ ನರಸಿಂಹಮ್ಮ ಅಂಗನವಾಡಿ ಟೀಚರು. ಹುಡುಗಿ ಜೋರಾಗಿ ಮಾತಾಡುತ್ತಿದ್ದಳು, ಅದಕ್ಕಿಂತ ಜೋರಾಗಿ ನಗುತ್ತಿದ್ದಳು. ಯಲ್ಲಯ್ಯನಿಗೆ ಮೊದಲ ದಿನವೇ "ಯಲ್ಲಣ್ಣ" ಎಂದಳು. ಅವರೂ ಎರಡನೇ ದಿನಕ್ಕೇ ಮೇಡಂ ಅನ್ನುವುದು ಬಿಟ್ಟು "ಕಣವ್ವ" ಎನ್ನತೊಡಗಿದರು.

ಮಕ್ಕಳ ಪ್ರಾಕ್ಟಿಕಲ್‌ಗೆ ನೀರಿನ ಗಿಡ ಬೇಕು ಎಂದು ಆಕೆ ಕೇಳಿದಾಗ ಯಲ್ಲಯ್ಯ ತಮ್ಮೂರ ಕೆರೆಯಿಂದ ಒಂದು ಬಕೆಟ್ ಅಂತರಗಂಗೆ ತಂದರು. ನೀರಿನ ಮೇಲೆ ಎಲೆಕೋಸಿನ ಮರಿಗಳ ಹಾಗೆ ತೇಲುತ್ತದಲ್ಲ, ಅದು. ಅದರ ಬೇರು ಮಣ್ಣಿಗೆ ತಾಗದೆ ನೀರಿನಲ್ಲಿ ಮುದುಕರ ಗಡ್ಡದ ಹಾಗೆ ಇಳಿಬಿದ್ದಿರುತ್ತದೆ. ಆ ಬೇರನ್ನು ತೊಳೆದು, ಅರೆದು, ಹಾಲುಬಾಯಿಯ ಹಾಗೆ ಗಟ್ಟಿಯಾದ ಆಹಾರ ಹರಡಿದ ಗಾಜಿನ ತಟ್ಟೆಗಳ ಮೇಲೆ ಸವರಿಟ್ಟರು. ಬೇರಿಗೆ ಅಂಟಿದ ಬ್ಯಾಕ್ಟೀರಿಯಾ ಅಲ್ಲಿ ಬೆಳೆದು ಕಣ್ಣಿಗೆ ಕಾಣುವಷ್ಟು ಚುಕ್ಕೆಗಳಾಗುತ್ತವಂತೆ. ಎರಡನೇ ದಿನಕ್ಕೆ ಬಿಳಿ ಚುಕ್ಕೆಗಳು ಬಂದವು. ಎಲ್ಲವೂ ಪುಸ್ತಕದಲ್ಲಿ ಇದ್ದಂಥವೇ. ತಟ್ಟೆ ಎಸೆಯುವ ಹೊತ್ತಿಗೆ, ಐದನೇ ದಿನ, ಒಂದರ ಅಂಚಿನಲ್ಲಿ ಅರಿಶಿನದ ಬಣ್ಣದ ಚುಕ್ಕೆಯೊಂದು ಎದ್ದಿತು. ಕಂಡವರು ಯಲ್ಲಯ್ಯ. "ಕಣವ್ವ, ಇದೊಂದು ಲೇಟಾಗಿ ಬಂದೈತೆ. ಅಟೆಂಡೆನ್ಸ್ ಕೊಡ್ತೀಯಾ?" ಎಂದು ಕೇಳಿದರಂತೆ.

ಸುಶ್ಮಿತಾ ಅದರ ಹಿಂದೆ ಬಿದ್ದಳು. ಅದರ ವಂಶವಾಹಿಯ ಅಕ್ಷರಗಳನ್ನು ಓದಿಸಿ ತರಿಸಿದಳು. ಗೊತ್ತಿರುವ ಬ್ಯಾಕ್ಟೀರಿಯಾಗಳ ಪೈಕಿ ಅತಿ ಹತ್ತಿರದ್ದಕ್ಕೂ ಇದಕ್ಕೂ ಹೋಲಿಕೆ ನೂರಕ್ಕೆ ತೊಂಬತ್ತೇಳು. ತೊಂಬತ್ತೆಂಟು ಮುಕ್ಕಾಲು ದಾಟದಿದ್ದರೆ ಅದು ಹೊಸದಿರಬಹುದು ಎಂಬ ಲೆಕ್ಕ. ಅಂದು ಸಂಜೆ ಅವಳು ಕಾರಿಡಾರಿನಲ್ಲಿ ಕೂಗಿದ್ದು ನನ್ನ ಕ್ಲಾಸಿಗೂ ಕೇಳಿಸಿತ್ತು. "ಹೊಸ ಜಾತಿ ಯಲ್ಲಣ್ಣ! ಪ್ರಪಂಚದಲ್ಲಿ ಯಾರೂ ನೋಡಿಲ್ಲ!"

"ಹೊಸ ಜಾತಿ ಅಂದ್ರೆ ಸರ್ಟಿಫಿಕೇಟ್ ಬೇಕಲ್ಲವ್ವ," ಎಂದರು ಯಲ್ಲಯ್ಯ. "ಗುಬ್ಬಿ ತಾಲ್ಲೂಕಾಫೀಸ್‌ಗೆ ಹೋಗ್ಬೇಕಾ?"

"ಗುಬ್ಬಿಗಲ್ಲ, ಎರಡು ದೇಶಕ್ಕೆ ಹೋಗ್ಬೇಕು. ಬೇರೆ ಬೇರೆ ದೇಶದ ಎರಡು ಸಂಗ್ರಹಾಲಯದಲ್ಲಿ ಇದನ್ನ ಜೀವಂತ ಇಡ್ಬೇಕು. ಆಗ್ಲೇ ಹೆಸರು. ಸತ್ತೋಯ್ತು ಅಂದ್ರೆ ಹೆಸರೂ ಇಲ್ಲ, ಏನೂ ಇಲ್ಲ."

ಅದಕ್ಕೆ ಬೇಕಾದ ಪರೀಕ್ಷೆಗಳು ಬಹಳ ಇದ್ದವು. ಅವಳು ಹನ್ನೊಂದು ಕೆರೆ ಸುತ್ತಿದಳು. ಯಲ್ಲಯ್ಯನ ಊರಿನ ಕೆರೆ ಬಿಟ್ಟು ಬೇರೆಲ್ಲೂ ಆ ಹಳದಿ ಸಿಗಲಿಲ್ಲ. ಆಳವಾಗಿ ಹೆಪ್ಪುಗಟ್ಟಿಸಿ ಇಡುವ ಯಂತ್ರ ನಮ್ಮ ಕಾಲೇಜಿನಲ್ಲಿ ಇರಲಿಲ್ಲ. ಹಾಗಾಗಿ ಮೂರು ವಾರಕ್ಕೊಮ್ಮೆ ಹಳೆಯ ಕೊಳವೆಯಿಂದ ತಂತಿಯ ತುದಿಯಲ್ಲಿ ಚೂರು ತೆಗೆದು ಹೊಸ ಕೊಳವೆಗೆ ದಾಟಿಸಬೇಕಿತ್ತು. ಯಲ್ಲಯ್ಯ ಅದಕ್ಕೆ "ಮನೆ ಬದ್ಲಾಯ್ಸೋದು" ಎನ್ನುತ್ತಿದ್ದರು. ತಂತಿಯನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸುವುದು, ಆರಿಸುವುದು, ಉಸಿರು ಬಿಡದೆ ಹತ್ತಿಯ ಬಿರಡೆ ತೆಗೆಯುವುದು, ಎಲ್ಲವನ್ನೂ ಅವಳು ಅವರ ಕೈ ಹಿಡಿದು ಕಲಿಸಿದಳು.

೨೦೨೨ರ ಸೆಪ್ಟೆಂಬರಿನಲ್ಲಿ ಅವಳಿಗೆ ಜ್ವರ ಬಂತು. ಸೋಮವಾರ ರಜೆ ಹೇಳಿದಳು. ಬುಧವಾರ ಪ್ಲೇಟ್‌ಲೆಟ್ ಇಳಿಯಿತು ಎಂದು ಸುದ್ದಿ. ಶನಿವಾರ ನಾವು ಕುಣಿಗಲ್ಲಿಗೆ ಹೋದೆವು. ಇದರ ಬಗ್ಗೆ ಹೆಚ್ಚಿಗೆ ಬರೆಯಲು ನನಗೆ ಆಗುವುದಿಲ್ಲ. ಮಣ್ಣು ಮುಗಿಸಿಕೊಂಡು ಬರುವಾಗ ಯಲ್ಲಯ್ಯ ಸ್ಕೂಟರಿನ ಹಿಂದೆ ಕೂತು ಹೇಳಿದ್ದು ಒಂದೇ ಮಾತು. "ಸೋಮವಾರ ಮನೆ ಬದ್ಲಾಯ್ಸೋ ದಿನ ಸಾ."

ಸೋಮವಾರ ಬದಲಾಯಿಸಿದರು. ಯಾರೂ ಹೇಳಿರಲಿಲ್ಲ. ಅವಳ ಜಾಗಕ್ಕೆ ಬಂದವರಿಗೆ ಬೇರೆ ವಿಷಯದಲ್ಲಿ ಆಸಕ್ತಿ. ವಿಭಾಗದ ಮುಖ್ಯಸ್ಥರು ಒಳ್ಳೆಯವರೇ, "ಇರಲಿ ಬಿಡಿ, ಒಂದು ಮೂಲೆಲಿ" ಎಂದು ಫ್ರಿಜ್ಜಿನ ಕೆಳತಟ್ಟು ಬಿಟ್ಟುಕೊಟ್ಟರು. ನಾನು ಮಾಡಿದ ಸಹಾಯವೆಂದರೆ, ಅವಳ ಎಂ.ಎಸ್ಸಿ. ಗೆಳತಿ ಮೋನಿಕಾ ಬೆಂಗಳೂರಿನ ಒಂದು ಸಂಶೋಧನಾಲಯದಲ್ಲಿದ್ದಾಳೆ ಎಂದು ಪತ್ತೆ ಮಾಡಿ ಅವಳಿಗೆ ಫೋನ್ ಮಾಡಿದ್ದು. ಮೋನಿಕಾ ಆಗ ಹೊರದೇಶಕ್ಕೆ ಎರಡು ವರ್ಷದ ಕೆಲಸದ ಮೇಲೆ ಹೊರಟಿದ್ದಳು. "ನಾನು ಬರೋವರೆಗೂ ಬದುಕಿಸಿಡಿ ಸಾರ್. ಬಾಕಿ ಟೆಸ್ಟ್ ನಾನೇ ಮಾಡ್ತೀನಿ. ಕಂಡುಹಿಡಿದೋರು ತಮ್ಮ ಹೆಸರು ಇಟ್ಕೊಳ್ಳೋ ಹಾಗಿಲ್ಲ, ಆದ್ರೆ ನಾನು ಅವಳ ಹೆಸರು ಇಡಬಹುದಲ್ಲ," ಎಂದು ಅತ್ತಳು. ಇದನ್ನು ನಾನೇ ನರಸಿಂಹಮ್ಮನವರಿಗೆ ಹೇಳಿದೆ. ಹೇಳದೆ ಇರಬಹುದಿತ್ತು. ಒಳ್ಳೆಯ ಸುದ್ದಿ ಹೊಟ್ಟೆಯಲ್ಲಿ ನಿಲ್ಲದ ಕಾಯಿಲೆ ನನಗೆ ಮೊದಲಿಂದ ಇದೆ. ಆಕೆ ಅದನ್ನು ಅಂಗನವಾಡಿಯಲ್ಲಿ, ನೆಂಟರಲ್ಲಿ, ಮಗಳ ಫೋಟೋ ಕಟ್ಟು ಹಾಕಿಸಿದ ಅಂಗಡಿಯಲ್ಲಿ, ಎಲ್ಲ ಕಡೆ ಹೇಳಿಕೊಂಡರು. ಸುಶ್ಮಿತಾಳ ಹೆಸರಿನಲ್ಲಿ ಒಂದು ಜೀವ ಪ್ರಪಂಚದ ಪುಸ್ತಕಕ್ಕೆ ಸೇರುತ್ತದೆ ಎಂದು.

ಇನ್ನು ನನ್ನ ತಪ್ಪಿನ ವಿಷಯ.

ಮರುವರ್ಷ, ಮಗಳ ವರ್ಷದ ಕಾರ್ಯ ಮುಗಿಸಿದ ವಾರ, ನರಸಿಂಹಮ್ಮ ಲ್ಯಾಬಿಗೆ ಬಂದರು. ಕೈಯಲ್ಲಿ ಒಂದು ಚೀಲ ಕೋಡುಬಳೆ. "ಒಂದ್ಸಲ ನೋಡ್ಕೊಂಡು ಹೋಗ್ತೀನಪ್ಪ ಯಲ್ಲಣ್ಣ," ಎಂದರು. ಆ ತಿಂಗಳ ಮೊದಲಲ್ಲಿ ಫ್ರಿಜ್ ಕೆಟ್ಟಿತ್ತು. ಕೊಳವೆಗಳಲ್ಲಿದ್ದದ್ದು ಒಣಗಿ ಹೋಗಿ, ಯಲ್ಲಯ್ಯ ಹರಸಾಹಸ ಮಾಡಿ ಒಂದು ತಟ್ಟೆಯಲ್ಲಿ ಮತ್ತೆ ಚಿಗುರಿಸಿಕೊಂಡಿದ್ದರು. ಭೂಮಿಯ ಮೇಲೆ ನಮಗೆ ಗೊತ್ತಿದ್ದ ಮಟ್ಟಿಗೆ ಆ ಹಳದಿ ಇದ್ದದ್ದು ಆ ಒಂದು ತಟ್ಟೆಯಲ್ಲಿ. ಅವರು ಅದನ್ನು ಮುಚ್ಚಳದ ಸಮೇತ ಆಕೆಯ ಮುಂದೆ ಹಿಡಿದರು. ಮುಚ್ಚಳದ ಒಳಗೆಲ್ಲ ನೀರಿನ ಹನಿ ಕಟ್ಟಿ ಏನೂ ಸರಿಯಾಗಿ ಕಾಣುತ್ತಿರಲಿಲ್ಲ.

"ಮಬ್ಬು ಮಬ್ಬಾಗೈತಲ್ಲ," ಎಂದರು ಆಕೆ.

"ಮುಚ್ಚಳ ತೆಗೆಯಂಗಿಲ್ಲ ಕಣಕ್ಕ. ಇದೊಂದೇ ಇರೋದು."

"ರೀ ಯಲ್ಲಯ್ಯ," ಎಂದೆ ನಾನು. "ಹೆತ್ತ ತಾಯಿ ರೀ. ಒಂದು ಕ್ಷಣ ತೆಗೀರಿ. ಏನ್ ಪ್ರಳಯ ಆಗಲ್ಲ."

ಯಲ್ಲಯ್ಯ ನನ್ನ ಮುಖ ನೋಡಿದರು. ಎರಡು ಸಲ ಎಸ್ಸೆಸ್ಸೆಲ್ಸಿ ಫೇಲಾದವರು, ಎಂ.ಎ. ಮಾಡಿದವನ ಮಾತಿಗೆ ಬೆಲೆ ಕೊಟ್ಟರು. ಮುಚ್ಚಳ ತೆಗೆದರು. ಅರಿಶಿನ ಚಿಮುಕಿಸಿದ ಹಾಗೆ ಚುಕ್ಕೆಗಳು. ನರಸಿಂಹಮ್ಮ ಬಾಗಿ ನೋಡಿದರು. ನಾವು ತಡೆಯುವ ಮೊದಲೇ ಬೆರಳ ತುದಿಯನ್ನು ಮೆಲ್ಲಗೆ ಅದಕ್ಕೆ ತಾಗಿಸಿ, ಎರಡೂ ಕಣ್ಣಿಗೆ ಒತ್ತಿಕೊಂಡರು. ಪ್ರಸಾದ ಒತ್ತಿಕೊಂಡಂತೆ.

ಯಲ್ಲಯ್ಯ ಆಕೆಯನ್ನು ನಲ್ಲಿಯ ಹತ್ತಿರ ಕರೆದೊಯ್ದು ಕೈಗೂ ಕಣ್ಣಿಗೂ ಸೋಪು ಹಾಕಿ ತೊಳೆಸಿದರು. ಆಕೆ ಹೋದ ಮೇಲೆ ತಟ್ಟೆಯಲ್ಲಿ ಬೆರಳು ತಾಗದ ಕಡೆಯಿಂದ ಚೂರು ತೆಗೆದು ಹೊಸ ಕೊಳವೆಗಳಿಗೆ ದಾಟಿಸಿದರು. ಎರಡು ತಿಂಗಳ ನಂತರ ಖುಷಿಯಾಗಿಯೇ ಹೇಳಿದರು, "ಈಗ ಚೆನ್ನಾಗಿ ಬೆಳೀತಾವೆ ಸಾ. ಮೊದ್ಲು ಐದು ದಿನ ಬೇಕಿತ್ತು. ಈಗ ಎರಡೇ ದಿನಕ್ಕೆ ಹಳದಿ."

"ಅಮ್ಮ ಬಂದು ನೋಡ್ಕೊಂಡು ಹೋದ್ಮೇಲೆ ಚೇತರಿಸ್ಕೊಂಡಿವೆ ಬಿಡಿ," ಎಂದು ನಾನು ಅಭಿನಂದಿಸಿದೆ. ಕನ್ನಡ ಮೇಷ್ಟ್ರಿಗೆ ಹೋಲಿಕೆ ಕಟ್ಟುವುದು ಬಿಟ್ಟು ಬೇರೇನು ಗೊತ್ತು?

ಮೋನಿಕಾ ಈ ವರ್ಷ ವಾಪಸ್ ಬಂದಳು. ಯಲ್ಲಯ್ಯ ಎರಡು ಕೊಳವೆಗಳನ್ನು ಹತ್ತಿಯಲ್ಲಿ ಸುತ್ತಿ, ಲೇಬಲ್ ಬರೆದು, ಐಸ್ ಡಬ್ಬಿಯಲ್ಲಿಟ್ಟು, ತಾವೇ ರೈಲಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋಗಿ ಕೊಟ್ಟು ಬಂದರು. ಮೂರು ವಾರದ ಮೇಲೆ ಅವಳು ನನಗೆ ಫೋನ್ ಮಾಡಿದಳು. ಹಲೋ ಎಂದ ದನಿಯಲ್ಲೇ ನನಗೆ ಅರ್ಧ ಗೊತ್ತಾಯಿತು.

"ಸಾರ್, ಇದು ಅದಲ್ಲ. ಮೂರು ಸಲ ನೋಡಿದೆ. ಇದು ಎಲ್ಲರಿಗೂ ಗೊತ್ತಿರೋದು, ಮಾಮೂಲಿ. ಬಣ್ಣ ಹಳದೀನೇ. ಮನುಷ್ಯರ ಚರ್ಮದ ಮೇಲೆ ಇರುತ್ತೆ. ಯಾವಾಗ್ಲೋ ಸೇರ್ಕೊಂಡು, ಬೇಗ ಬೆಳೆಯೋದಲ್ವಾ, ಅದನ್ನ ಮುಗಿಸಿಬಿಟ್ಟಿದೆ. ಎರಡು ಕೊಳವೇಲೂ ಬರೀ ಇದೇ."

ನಾನು ಮೇಲೆ ಹೋದೆ. ಯಲ್ಲಯ್ಯ ಗಾಜಿನ ಬುರುಡೆ ತೊಳೆಯುತ್ತಿದ್ದರು. ಹೇಳಿದೆ. ಅವರು ನಲ್ಲಿ ನಿಲ್ಲಿಸಿದರು.

"ಚರ್ಮದ್ ಮೇಲೆ ಅಂದ್ರೆ, ಬೆರಳ ಮೇಲೂನಾ?"

"ಬೆರಳ ಮೇಲೂ."

ಬುರುಡೆಯನ್ನು ಬೋರಲು ಹಾಕಿದರು. ಕೈ ಒರೆಸಿಕೊಂಡರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. "ನಾನೇ ಅಲ್ವಾ ಮುಚ್ಚಳ ತೆಗೆಸಿದ್ದು," ಎಂದು ನಾನೇ ಶುರು ಮಾಡಿದೆ.

"ತೆಗೆದೋನು ನಾನು ಬುಡಿ," ಎಂದರು. "ಭಾನುವಾರ ಬಿಡುವೈತಾ ಸಾ?"

ಭಾನುವಾರ ಗುಬ್ಬಿ ದಾಟಿ ಸಿ.ಎಸ್. ಪುರದ ಕಡೆಗೆ ಹೋದೆವು. ಇದ್ದ ಆಸೆ ಒಂದೇ. ಅಂತರಗಂಗೆಯ ಬೇರು ಸಿಕ್ಕರೆ ಅದರ ಬಾಡಿಗೆಯವರೂ ಸಿಗಬಹುದು. ಕೆರೆಯ ಏರಿ ಹತ್ತಿದಾಗ ನನ್ನ ಆಸೆಯೂ ಹೋಯಿತು. ಕೆರೆ ಅಷ್ಟು ಚೆನ್ನಾಗಿತ್ತು. ಏರಿಗೆ ಹೊಸ ಕಲ್ಲು ಕಟ್ಟಿದ್ದರು. ಹೇಮಾವತಿ ನೀರು ಬಂದು ಕೋಡಿಯ ಮಟ್ಟಕ್ಕೆ ತುಂಬಿತ್ತು. ಆ ದಡದಿಂದ ಈ ದಡದವರೆಗೆ ಬರೀ ನೀರು, ಆಕಾಶ ಬಿಟ್ಟರೆ ಅದರ ಮೇಲೆ ಒಂದು ಎಲೆಯಿಲ್ಲ.

ಏರಿಯ ಮೇಲೆ ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ಚನ್ನವೀರಯ್ಯನವರು ಯಲ್ಲಯ್ಯನ ಬಾಲ್ಯದ ಗೆಳೆಯರು. ದೂರದಿಂದಲೇ ಕೂಗಿದರು. "ಏನ್ಲಾ ಯಲ್ಲ, ನಮ್ ಕೆರೆ ನೋಡಕ್ ಬಂದ್ಯಾ? ಎಂಗೈತೆ?"

"ಅಂತರಗಂಗೆ ಎಲ್ಲೋಯ್ತಲಾ?"

"ಅಯ್ಯೋ, ಪೀಡೆ! ಜೆಸಿಬಿ ತರ್ಸಿ ಎಂಟು ದಿನ ಬಳಿಸಿದ್ವಿ. ಹೂಳೂ ಹೋಯ್ತು, ಅದೂ ಹೋಯ್ತು. ಒಂದು ಕಡ್ಡಿ ಉಳಿಸಿಲ್ಲ ನೋಡು. ನಿಮ್ಮಪ್ಪ ಇದ್ದಿದ್ರೆ ಕುಣಿದ್‌ಬುಡೋನು."

"ಬಳಿದಿದ್ನ ಎಲ್ಲಾಕಿದ್ರಿ?"

"ತೆಂಗಿನ ಬುಡುಕ್ಕೆ. ಅದೆಲ್ಲ ಗೊಬ್ರ ಆಗಿ ಎರಡು ವರ್ಸ ಆಯ್ತು ಕಣೋ. ಯಾಕ್ಲಾ, ನಿಂಗ್ಯಾಕ್ ಅದು?"

"ಇಂಗೇ," ಎಂದರು ಯಲ್ಲಯ್ಯ.

ಆದರೂ ಪ್ಯಾಂಟು ಮಡಚಿಕೊಂಡು ನೀರಿಗೆ ಇಳಿದರು. ಅಂಚಿನಲ್ಲೇ ಮಂಡಿಯುದ್ದ ನೀರಿನಲ್ಲಿ ತೂಬಿನಿಂದ ಕೋಡಿಯವರೆಗೂ ನಡೆದರು, ಮತ್ತೆ ವಾಪಸ್ ನಡೆದರು. ಕಲ್ಲಿನ ಸಂದುಗಳಿಗೆ ಕೈ ಹಾಕಿ ನೋಡಿದರು. ಚನ್ನವೀರಯ್ಯ ನನ್ನ ಪಕ್ಕ ನಿಂತು, "ಏನಾರ ಕಳ್ಕೊಂಡವ್ನಾ ಮೇಷ್ಟ್ರೇ?" ಎಂದು ಪಿಸುಗುಟ್ಟಿದರು. ನಾನು ಹೌದು ಎಂದೆ. ಕೆರೆ ತುಂಬಿದ್ದಕ್ಕೆ ದುಃಖಪಡುತ್ತಿರುವ ಇಬ್ಬರೇ ಇಬ್ಬರು ಇಡೀ ಹೋಬಳಿಯಲ್ಲಿ ನಾವೇ ಇರಬೇಕು. ಅದನ್ನು ಆ ಮನುಷ್ಯನಿಗೆ ಯಾವ ಬಾಯಲ್ಲಿ ಹೇಳುವುದು?

ಯಲ್ಲಯ್ಯ ಮೇಲೆ ಬಂದು ಕಾಲು ಒರೆಸಿಕೊಂಡು, ಚಪ್ಪಲಿ ಹಾಕಿಕೊಂಡರು. ನೀರಿನ ಕಡೆ ಒಮ್ಮೆ ನೋಡಿದರು. "ಕುಣಿಗಲ್‌ಗೆ ಹೋಗ್ಬುಡಾಣ ಸಾ. ಇವತ್ತೇ ಹೇಳ್ಬುಡಾಣ. ಆಯಮ್ಮ ದಿನಾ ಕಾಯ್ತದೆ," ಎಂದರು.

ದಾರಿಯುದ್ದಕ್ಕೂ ನಾನು ಮಾತು ಜೋಡಿಸಿದೆ. ಮುಚ್ಚಳದ ವಿಷಯ ಬರಬಾರದು. ಬೆರಳಿನ ವಿಷಯ ಎಂದೆಂದಿಗೂ ಬರಬಾರದು. ಫ್ರಿಜ್ ಕೆಟ್ಟಿತ್ತು, ಹಾಗಾಗಿ ಸತ್ತುಹೋಯಿತು ಎನ್ನೋಣವೇ? ಆ ಮನೆಯಲ್ಲಿ ಸತ್ತುಹೋಯಿತು ಎಂಬ ಮಾತನ್ನು ಇನ್ನೊಂದು ಸಲ ಹೇಳುವುದೇ? ಇನ್ನೂ ಪರೀಕ್ಷೆ ನಡೆಯುತ್ತಿದೆ ಎನ್ನೋಣವೇ? ಎಷ್ಟು ವರ್ಷ? ಮೂವತ್ತು ವರ್ಷ ಮಾತಿನಿಂದಲೇ ಹೊಟ್ಟೆ ಹೊರೆದವನಿಗೆ ನಲವತ್ತು ಕಿಲೋಮೀಟರಿನಲ್ಲಿ ಒಂದು ವಾಕ್ಯ ಸಿಗಲಿಲ್ಲ. ಹಿಂದೆ ಕೂತವರನ್ನು ಕೇಳಿದೆ. "ಆಕೆಗೆ ಏನ್ ಹೇಳ್ತೀರಿ?" ಗಾಳಿಗೆ ಕೇಳಿಸಲಿಲ್ಲವೋ, ಬೇಕೆಂದೇ ಬಿಟ್ಟರೋ.

ನರಸಿಂಹಮ್ಮ ಬಾಗಿಲಲ್ಲೇ ಇದ್ದರು. ಸ್ಕೂಟರಿನ ಸದ್ದಿಗೆ ಎದ್ದು ಬಂದಿರಬೇಕು. ಒಳಗೆ ಕೂರಿಸಿದರು. ಗೋಡೆಯ ಮೇಲೆ ಸುಶ್ಮಿತಾ ಬಿಳಿ ಕೋಟಿನಲ್ಲಿ ನಗುತ್ತಿದ್ದಳು. ಫೋಟೋದ ಕೆಳಗೆ ಒಂದು ಗೇಣಿನಷ್ಟು ಜಾಗ ಖಾಲಿ ಬಿಟ್ಟಿತ್ತು. ಅಲ್ಲಿಗೊಂದು ಮೊಳೆಯನ್ನೂ ಹೊಡೆಸಿದ್ದರು. "ಸರ್ಟಿಫಿಕೇಟ್ ಬತ್ತದಲ್ಲ, ಅದಕ್ಕೆ," ಎಂದರು, ನಾನು ನೋಡಿದ್ದನ್ನು ನೋಡಿ.

ಕಾಫಿ ಬಂತು. ಲೋಟ ಕೊಡುವಾಗ ಆಕೆಯ ಬೆರಳುಗಳು ನನ್ನ ಬೆರಳಿಗೆ ತಾಗಿದವು. ಅಂಗನವಾಡಿಯಲ್ಲಿ ಮೂವತ್ತು ಮಕ್ಕಳಿಗೆ ಅನ್ನ ಕಲಸಿ, ಮೂಗು ಒರೆಸಿ, ಸ್ಲೇಟು ಹಿಡಿಸಿ ಒರಟಾದ ಬೆರಳುಗಳು. ನಾನು ಕಾಫಿಯ ನೊರೆಯನ್ನೇ ನೋಡುತ್ತ ಕೂತೆ. "ಅಮ್ಮಾ, ವಿಷಯ ಏನಂದ್ರೆ..." ಎಂದೆ.

ಆಕೆ ನನ್ನನ್ನು ಬಿಟ್ಟು ಯಲ್ಲಯ್ಯನ ಮುಂದೆ ನೆಲದ ಮೇಲೆ ಕೂತರು. ಸೆರಗಿನಿಂದ ಕೈ ಒರೆಸಿಕೊಂಡು, ಮಡಿಲಲ್ಲಿ ಇಟ್ಟುಕೊಂಡರು.

"ಬೆಂಗ್ಳೂರಿಂದ ಏನಂದ್ರಪ್ಪ ಯಲ್ಲಣ್ಣ? ಯಾರೂ ಕಾಣ್ದೇ ಇರೋದೇ ಅಂತಾ, ನಮ್ ಸುಶ್ಮಿದು?"

ಯಲ್ಲಯ್ಯ ಲೋಟ ಕೆಳಗಿಟ್ಟರು. ಫೋಟೋ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಆಕೆಯ ಮಡಿಲಲ್ಲಿದ್ದ ಕೈಗಳನ್ನು ನೋಡಿದರು.

"ಇಲ್ಲ ಕಣಕ್ಕ. ನಿಮ್ ಪೈಕೀದೇ ಅಂತೆ."